ಬಾಗಿಲು ಮುಚ್ಚುವ ಹಕ್ಕು, ಬೆಲೆ ತೆರುವ ಹೊಣೆ

(ಕೊರಟಗೆರೆ ತಾಲೂಕಿನ ಗೊರವನಹಳ್ಳಿಯಲ್ಲಿ ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡದ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಅಂತರ್ಜಾಲದ ಜಾಹೀರಾತು ಮತ್ತು ಅದನ್ನು ತಡೆಯುವ ತಂತ್ರಾಂಶ, ಇದು ಇಂದು ನಾವು ಮಾತನಾಡಬೇಕಾದ ವಿಷಯ. ಮೇಲ್ನೋಟಕ್ಕೆ ಇದು ಬೆಂಗಳೂರಿನ ಇಂಜಿನಿಯರುಗಳು ಚರ್ಚಿಸಬೇಕಾದ ಸಂಗತಿಯೆಂದು ತೋರಬಹುದು. ಆದರೆ ನಮ್ಮ ಮನೆಯ ಮಗು ಪಾಠ ಕೇಳಲೆಂದು ಮೊಬೈಲ್ ತೆರೆದಾಗ ಪಾಠಕ್ಕಿಂತ ಮೊದಲು ಸಾಲ ಕೊಡುವ ಆ್ಯಪಿನ ಜಾಹೀರಾತು ಬರುತ್ತದೆ. ವೃದ್ಧ ತಂದೆ ಸಕ್ಕರೆ ಕಾಯಿಲೆಯ ಬಗ್ಗೆ ಒಮ್ಮೆ ಹುಡುಕಿದರೆ ಸಾಕು, ಮರುದಿನದಿಂದ ಆ ಕಾಯಿಲೆಯನ್ನು ಬೇರುಸಹಿತ ಕೀಳುವೆವೆಂಬ ಚೂರ್ಣಗಳು ಅವರ ಬೆನ್ನು ಹತ್ತುತ್ತವೆ. ಹೀಗಿರುವಾಗ ಇದು ಇಂಜಿನಿಯರುಗಳ ಸಮಸ್ಯೆ ಮಾತ್ರ ಎನ್ನಲು ಸಾಧ್ಯವೇ?

ಈ ವಿವಾದದಲ್ಲಿ ಎರಡು ಪಕ್ಷಗಳಿವೆ. ಪ್ರಕಾಶಕರು ಹೇಳುತ್ತಾರೆ: "ನಾವು ಸುದ್ದಿ, ಲೇಖನ, ವೀಡಿಯೋಗಳನ್ನು ಉಚಿತವಾಗಿ ಕೊಡುತ್ತಿದ್ದೇವೆ. ಜಾಹೀರಾತೇ ಅದರ ಬೆಲೆ. ಜಾಹೀರಾತನ್ನು ತಡೆದು ಲೇಖನವನ್ನು ಮಾತ್ರ ಓದುವವನು ಊಟ ಮಾಡಿ ಹಣ ಕೊಡದೆ ಎದ್ದು ಹೋಗುವವನಂತೆ." ಓದುಗ ಹೇಳುತ್ತಾನೆ: "ಮೊಬೈಲ್ ನನ್ನದು, ರೀಚಾರ್ಜ್ ನನ್ನದು, ಕಣ್ಣು ನನ್ನದು. ಯಾವುದನ್ನು ನೋಡಬೇಕೆಂದು ತೀರ್ಮಾನಿಸುವವನೂ ನಾನೇ." ಈ ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಆ ಎರಡು ಅರ್ಧಗಳನ್ನು ಕೂಡಿಸಿ ನೋಡುವುದೇ ಇಂದಿನ ನಮ್ಮ ಉದ್ದೇಶ.

ಬೋರ್ಡು ಮತ್ತು ಬೇಹುಗಾರ

ಈ ಗೊರವನಹಳ್ಳಿಯನ್ನೇ ನೋಡಿ. ಇಲ್ಲಿನ ಮಹಾಲಕ್ಷ್ಮಿ ದೇವಾಲಯಕ್ಕೆ ಬರುವ ಯಾತ್ರಿಕರನ್ನು ನಂಬಿ ಹೂವು, ಹಣ್ಣು, ತೆಂಗಿನಕಾಯಿ, ಬಳೆ, ತಿಂಡಿಗಳ ಅಂಗಡಿಗಳು ನಡೆಯುತ್ತಿವೆ. ಅಂಗಡಿಯವನು ಬೋರ್ಡು ಹಾಕುತ್ತಾನೆ, ಕೂಗಿ ಕರೆಯುತ್ತಾನೆ. ಅದು ಜಾಹೀರಾತೇ ತಾನೇ? ಇದರಲ್ಲಿ ಯಾರಿಗೂ ಆಕ್ಷೇಪವಿಲ್ಲ. ಏಕೆಂದರೆ ಆ ಬೋರ್ಡು ಎಲ್ಲರಿಗೂ ಒಂದೇ ಮಾತನ್ನು ಹೇಳುತ್ತದೆ. ಅದನ್ನು ಓದಿ ಮುಂದೆ ಹೋದವನು ಯಾವ ಊರಿನವನು, ಅವನ ಮನೆಯಲ್ಲಿ ಯಾರಿಗೆ ಕಾಯಿಲೆ, ಅವನಿಗೆ ಎಷ್ಟು ಸಾಲವಿದೆ ಎಂದು ಬೋರ್ಡು ಕೇಳುವುದಿಲ್ಲ. ಅವನ ಹಿಂದೆ ಮನೆಯವರೆಗೂ ನಡೆದು ಬರುವುದಿಲ್ಲ.

ಅಂತರ್ಜಾಲದ ಜಾಹೀರಾತು ಕೂಡ ಆರಂಭದಲ್ಲಿ ಇಂತಹ ಬೋರ್ಡೇ ಆಗಿತ್ತು. 1994ರ ಅಕ್ಟೋಬರ್‌ನಲ್ಲಿ ಅಮೆರಿಕದ ಹಾಟ್‌ವೈರ್ಡ್ ಎಂಬ ತಾಣದಲ್ಲಿ ಎಟಿ ಅಂಡ್ ಟಿ ಕಂಪೆನಿಯ ಅಡ್ಡಪಟ್ಟಿಯ ಜಾಹೀರಾತು ಪ್ರಕಟವಾಯಿತು. ಅದೇ ವರ್ಷ ನೆಟ್‌ಸ್ಕೇಪ್ ಕಂಪೆನಿಯ ಲೂ ಮಾಂಟುಲ್ಲಿ ಎಂಬವರು 'ಕುಕಿ' ಎಂಬ ಸಣ್ಣ ಗುರುತುಚೀಟಿಯನ್ನು ರೂಪಿಸಿದರು. ಒಮ್ಮೆ ಬಂದ ಗ್ರಾಹಕ ಮತ್ತೆ ಬಂದಾಗ ಅಂಗಡಿಯವನು ಅವನನ್ನು ಗುರುತಿಸಲಿ ಎಂಬುದಷ್ಟೇ ಅದರ ಉದ್ದೇಶವಾಗಿತ್ತು. ಆದರೆ ಕಾಲಕ್ರಮೇಣ ಜಾಹೀರಾತು ಕಂಪೆನಿಗಳು ಆ ಚೀಟಿಯನ್ನು ಬಳಸಿ ಒಬ್ಬನೇ ವ್ಯಕ್ತಿಯನ್ನು ಸಾವಿರಾರು ತಾಣಗಳಲ್ಲಿ ಹಿಂಬಾಲಿಸತೊಡಗಿದವು. ಬೋರ್ಡು ಬೇಹುಗಾರನಾದದ್ದು ಹೀಗೆ.

ಇಂದು ನೀವು ಒಂದು ಪುಟವನ್ನು ತೆರೆದ ಕ್ಷಣದಲ್ಲೇ, ಅದು ಪರದೆಯ ಮೇಲೆ ಪೂರ್ತಿ ಮೂಡುವುದರೊಳಗೆ, ನಿಮ್ಮ ಕುರಿತು ಒಂದು ಹರಾಜು ನಡೆದುಹೋಗಿರುತ್ತದೆ. ನಿಮ್ಮ ಮೊಬೈಲ್ ಯಾವುದು, ನೀವಿರುವ ಊರು ಯಾವುದು, ಈ ಹಿಂದೆ ಏನನ್ನು ಹುಡುಕಿದ್ದಿರಿ ಎಂಬ ವಿವರಗಳು ಹಲವು ಕಂಪೆನಿಗಳಿಗೆ ತಲುಪುತ್ತವೆ. ಹೆಚ್ಚು ಬೆಲೆ ಕೂಗಿದವನ ಜಾಹೀರಾತು ನಿಮಗೆ ಕಾಣಿಸುತ್ತದೆ. ನಮ್ಮ ಎಪಿಎಂಸಿಯಲ್ಲಿ ಶೇಂಗಾ, ಹುಣಸೆಹಣ್ಣು ಹರಾಜಾಗುವಾಗ ರೈತ ಎದುರಿಗೆ ನಿಂತಿರುತ್ತಾನೆ, ಮಾಲು ಅವನದು, ಹಣವೂ ಅವನಿಗೇ. ಇಲ್ಲಿ ಹರಾಜಾಗುವ ಮಾಲು ನಾವೇ. ಆದರೆ ನಮಗೆ ಅದರ ಸುಳಿವೂ ಇಲ್ಲ, ಪಾಲೂ ಇಲ್ಲ.

ನಮ್ಮ ರಾಜ್ಯದ ಎರಡು ಪ್ರಕರಣಗಳು

ಇದು ದೂರದೇಶದ ಕತೆಯೆಂದು ಯಾರೂ ಭಾವಿಸಬಾರದು. ಬೆಂಗಳೂರಿನಲ್ಲೇ ಒಂದು ವರ್ಷದ ಅಂತರದಲ್ಲಿ ನಮ್ಮ ಕಣ್ಣು ತೆರೆಸಬೇಕಾದ ಎರಡು ಪ್ರಕರಣಗಳು ಬೆಳಕಿಗೆ ಬಂದವು.

ಮೊದಲನೆಯದು 2015ರ ಜೂನ್ ತಿಂಗಳಿನದು. ತೇಜೇಶ್ ಜಿ.ಎನ್. ಎಂಬ ಬೆಂಗಳೂರಿನ ತಂತ್ರಜ್ಞರು ಏರ್‌ಟೆಲ್ 3ಜಿ ಮೂಲಕ ತಮ್ಮದೇ ತಾಣವನ್ನು ತೆರೆದಾಗ, ತಾವು ಬರೆಯದ ಕೆಲವು ಸಾಲುಗಳ ಸಂಕೇತ ಅದರೊಳಗೆ ಸೇರಿಕೊಂಡಿರುವುದನ್ನು ಕಂಡರು. ಅಂಚೆಯವನು ಕಾಗದವನ್ನು ತಲುಪಿಸುವ ಮುನ್ನ ಲಕೋಟೆಯನ್ನು ಬಿಚ್ಚಿ ತನ್ನದೊಂದು ಚೀಟಿಯನ್ನು ಒಳಗಿಟ್ಟಂತೆ ಇದು. ತೇಜೇಶ್ ಅದನ್ನು ಗಿಟ್‌ಹಬ್‌ನಲ್ಲಿ ಸಾರ್ವಜನಿಕವಾಗಿ ಪ್ರಕಟಿಸಿದರು. ಆಗ ಅವರಿಗೆ ಬಂದದ್ದು ಕೃತಜ್ಞತೆಯ ಪತ್ರವಲ್ಲ, ವಕೀಲರ ನೋಟೀಸು! ಆ ತಂತ್ರಜ್ಞಾನವನ್ನು ಒದಗಿಸಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪೆನಿಯು ತನ್ನ ಹಕ್ಕುಸ್ವಾಮ್ಯ ಉಲ್ಲಂಘನೆಯಾಗಿದೆಯೆಂದು ಆರೋಪಿಸಿತು. ಗ್ರಾಹಕರು ತಾವು ಬಳಸಿದ ಡೇಟಾದ ಲೆಕ್ಕ ತಿಳಿಯಲೆಂದು ಅದನ್ನು ಪರೀಕ್ಷಿಸಲಾಗುತ್ತಿತ್ತು, ನೋಟೀಸಿಗೂ ತನಗೂ ಸಂಬಂಧವಿಲ್ಲ ಎಂದು ಏರ್‌ಟೆಲ್ ಸ್ಪಷ್ಟನೆ ನೀಡಿತು. ಉದ್ದೇಶ ಏನೇ ಇರಲಿ, ಗ್ರಾಹಕನನ್ನು ಕೇಳದೆ ಅವನ ಪುಟದೊಳಗೆ ಕೈಯಿಡಲು ಸಾಧ್ಯವಿದೆ ಎಂಬುದು ಅಂದು ಜಗಜ್ಜಾಹೀರಾಯಿತು.

ಎರಡನೆಯದು ಇನ್ನೂ ಗಂಭೀರವಾದುದು. ಸಿಂಗಾಪುರದಲ್ಲಿ ನೋಂದಾಯಿತವಾಗಿ ಬೆಂಗಳೂರಿನಲ್ಲಿ ಬೆಳೆದ ಇನ್‌ಮೊಬಿ ಎಂಬ ಕಂಪೆನಿಯು ಮೊಬೈಲ್ ಜಾಹೀರಾತಿನಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲೊಂದು. 2016ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಎರಡು ಆರೋಪಗಳನ್ನು ಹೊರಿಸಿತು. ತಾವಿರುವ ಸ್ಥಳವನ್ನು ತಿಳಿಸಲು ಬಳಕೆದಾರರು ಅನುಮತಿ ನಿರಾಕರಿಸಿದ್ದರೂ ಸುತ್ತಲಿನ ವೈಫೈ ಸಂಪರ್ಕಗಳ ಮೂಲಕ ಅದನ್ನು ಪತ್ತೆಹಚ್ಚಲಾಗುತ್ತಿತ್ತು ಎಂಬುದು ಒಂದು. ಮಕ್ಕಳ ಆ್ಯಪ್‌ಗಳಿಂದಲೂ ಹೆತ್ತವರ ಒಪ್ಪಿಗೆಯಿಲ್ಲದೆ ಮಾಹಿತಿ ಸಂಗ್ರಹಿಸಲಾಯಿತು ಎಂಬುದು ಇನ್ನೊಂದು. ಮಕ್ಕಳ ವಿಷಯದಲ್ಲಿ ಆದದ್ದು ತಾಂತ್ರಿಕ ಲೋಪ ಎಂದು ಕಂಪೆನಿ ಹೇಳಿತಾದರೂ, 9 ಲಕ್ಷ 50 ಸಾವಿರ ಡಾಲರ್ ದಂಡ ತೆತ್ತು, ಮಕ್ಕಳ ಮಾಹಿತಿಯನ್ನು ಅಳಿಸಲು ಒಪ್ಪಿ ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು.

ಸಹೋದರರೇ, ಇಲ್ಲಿ ಮುಖ್ಯವಾದ ಪದ 'ನಿರಾಕರಿಸಿದ್ದರೂ' ಎಂಬುದು. ಅನ್ಯರ ಮನೆಯನ್ನು ಅನುಮತಿ ಪಡೆಯದೆ ಪ್ರವೇಶಿಸಬಾರದು, ಮರಳಿ ಹೋಗಿರೆಂದರೆ ಮರಳಬೇಕು ಎಂಬ ಶಿಷ್ಟಾಚಾರವನ್ನು ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯವು ನಮಗೆ ಕಲಿಸಿದೆ. ಮದ್ರಸದ ಪುಟ್ಟ ಮಕ್ಕಳಿಗೂ ಇದು ಗೊತ್ತು. ಬಾಗಿಲು ಮುಚ್ಚಿದ ಮನೆಯ ಕಿಟಕಿಯಿಂದ ಇಣುಕುವವನನ್ನು ಯಾವ ಧರ್ಮವೂ, ಯಾವ ನಾಗರಿಕ ಸಮಾಜವೂ ವ್ಯಾಪಾರಿಯೆಂದು ಕರೆಯುವುದಿಲ್ಲ. ಅಂತಹವನ ಎದುರು ಪರದೆ ಎಳೆಯುವುದು ಕಳ್ಳತನವೇ? ಖಂಡಿತ ಅಲ್ಲ. ಅದು ಮನೆಯವನ ಹಕ್ಕು.

ತಡೆಯುವವರೂ ವ್ಯಾಪಾರಿಗಳೇ

ಆ ಪರದೆಯನ್ನು ಎಳೆಯುವ ಸಾಧನವೇ ಜಾಹೀರಾತು ತಡೆ ತಂತ್ರಾಂಶ, ಅಂದರೆ ಆ್ಯಡ್ ಬ್ಲಾಕರ್. ಅದರ ಕೆಲಸ ಸರಳವಾದುದು. ಜಾಹೀರಾತು ಮತ್ತು ಬೇಹುಗಾರಿಕೆಯ ವಿಳಾಸಗಳ ಒಂದು ಪಟ್ಟಿ ಅದರ ಬಳಿ ಇರುತ್ತದೆ. ಪುಟವು ಆ ವಿಳಾಸಗಳಿಂದ ಏನನ್ನಾದರೂ ತರಿಸಲು ಹೊರಟರೆ ಅದು ತಡೆದು ನಿಲ್ಲಿಸುತ್ತದೆ. 2002ರಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಸೊರೆನ್ಸನ್ ಎಂಬವರು ಆ್ಯಡ್‌ಬ್ಲಾಕ್ ಎಂಬ ತಂತ್ರಾಂಶವನ್ನು ಬರೆದರು. 2006ರಲ್ಲಿ ವ್ಲಾದಿಮಿರ್ ಪಾಲಾಂಟ್ ಅದನ್ನು ಹೊಸದಾಗಿ ಬರೆದು ಆ್ಯಡ್‌ಬ್ಲಾಕ್ ಪ್ಲಸ್ ಎಂಬ ಹೆಸರಿನಲ್ಲಿ ಹೊರತಂದರು.

ಭಾರತದಲ್ಲಿ ಇದು ಹರಡಿದ ಬಗೆ ಗಮನಾರ್ಹವಾದುದು. 2016ರಲ್ಲಿ ಪೇಜ್‌ಫೇರ್ ಎಂಬ ಸಂಸ್ಥೆ ಪ್ರಕಟಿಸಿದ ವರದಿಯ ಪ್ರಕಾರ ಮೊಬೈಲ್‌ನಲ್ಲಿ ಜಾಹೀರಾತು ತಡೆಯುವ ಬ್ರೌಸರ್ ಬಳಸುತ್ತಿದ್ದವರು ಚೀನಾದಲ್ಲಿ 15.9 ಕೋಟಿ, ಭಾರತದಲ್ಲಿ 12.2 ಕೋಟಿ. ಇವರೆಲ್ಲ ಖಾಸಗಿತನದ ಹೋರಾಟಗಾರರೇ? ಅಲ್ಲ. ಜಿಯೋ ಬರುವ ಮುನ್ನ ಡೇಟಾ ದುಬಾರಿಯಾಗಿದ್ದ ಕಾಲ ಅದು. ಪುಟ ಬೇಗ ತೆರೆಯಲಿ, ರೀಚಾರ್ಜ್ ಉಳಿಯಲಿ ಎಂದು ಬಡವರು ಯುಸಿ ಬ್ರೌಸರನ್ನು ಬಳಸುತ್ತಿದ್ದರು, ತಡೆಯುವ ವ್ಯವಸ್ಥೆ ಅದರೊಳಗೇ ಇತ್ತು. ಆ ಬ್ರೌಸರ್ ಚೀನಾದ ಅಲಿಬಾಬಾ ಕಂಪೆನಿಯದು. 2020ರ ಜೂನ್‌ನಲ್ಲಿ ಭಾರತ ಸರಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ತನಗೆ ಬೇಡದ ಜಾಹೀರಾತನ್ನು ಹೊತ್ತು ತರುವ ಬಾಡಿಗೆಯನ್ನು ಓದುಗನೇ ಕೊಡಬೇಕು ಎಂಬುದು ಅಂದು ಬಡವನ ಮೇಲೆ ಹೇರಿದ ಅನ್ಯಾಯವಾಗಿತ್ತು.

ಆದರೆ ತಡೆಯುವವರೆಲ್ಲರೂ ಓದುಗನ ಹಿತೈಷಿಗಳೆಂದು ಭಾವಿಸುವುದೂ ಮುಗ್ಧತೆಯೇ ಸರಿ. ಆ್ಯಡ್‌ಬ್ಲಾಕ್ ಪ್ಲಸ್ ಜರ್ಮನಿಯ ಐಯೋ ಕಂಪೆನಿಯ ಕೈಸೇರಿದ ಮೇಲೆ, 2011ರಿಂದ 'ಸ್ವೀಕಾರಾರ್ಹ ಜಾಹೀರಾತು' ಎಂಬ ಪದ್ಧತಿ ಜಾರಿಗೆ ಬಂದಿತು. ಕಣ್ಣಿಗೆ ಹಿಂಸೆ ಕೊಡದ ಜಾಹೀರಾತನ್ನು ಒಳಗೆ ಬಿಡುವುದು ಅದರ ನಿಯಮ. ಒಳ್ಳೆಯ ಮಾತೇ. ಆದರೆ ದೊಡ್ಡ ಕಂಪೆನಿಗಳು ಆ ಪಟ್ಟಿಯಲ್ಲಿ ಸೇರಲು ಹಣ ಕೊಡಬೇಕು. ಅಂದರೆ ಬಾಗಿಲು ಕಾಯಲು ನಿಂತವನು ಸಿರಿವಂತ ವ್ಯಾಪಾರಿಗಳಿಂದ ಸುಂಕ ಪಡೆದು ಒಳಗೆ ಬಿಡತೊಡಗಿದ! ಇದಕ್ಕೆ ಅಪವಾದವೂ ಇದೆ. ಯುಬ್ಲಾಕ್ ಒರಿಜಿನ್ ಎಂಬ ತಂತ್ರಾಂಶವನ್ನು ರೂಪಿಸಿದ ರೇಮಂಡ್ ಹಿಲ್ ದೇಣಿಗೆಯನ್ನು ಸಹ ಸ್ವೀಕರಿಸುವುದಿಲ್ಲ.

ಇತ್ತ ಗೂಗಲ್‌ನ ಸ್ಥಿತಿ ನೋಡಿ. 2024ರಲ್ಲಿ ಅದರ ಮಾತೃಸಂಸ್ಥೆಯ ಸುಮಾರು 350 ಶತಕೋಟಿ ಡಾಲರ್ ಆದಾಯದಲ್ಲಿ 264 ಶತಕೋಟಿಗೂ ಹೆಚ್ಚು ಬಂದದ್ದು ಜಾಹೀರಾತಿನಿಂದ. ಜಾಹೀರಾತು ಮಾರುವುದೂ ಅದೇ, ನಾವು ಬಳಸುವ ಕ್ರೋಮ್ ಬ್ರೌಸರ್ ತಯಾರಿಸುವುದೂ ಅದೇ. 2023ರಲ್ಲಿ ಯೂಟ್ಯೂಬ್ ಆ್ಯಡ್ ಬ್ಲಾಕರ್ ಬಳಸುವವರಿಗೆ ವೀಡಿಯೋ ನಿಲ್ಲಿಸತೊಡಗಿತು. 2024-25ರಲ್ಲಿ ಕ್ರೋಮ್ ತನ್ನ ನಿಯಮಗಳನ್ನು ಬದಲಿಸಿದ್ದರಿಂದ ಯುಬ್ಲಾಕ್ ಒರಿಜಿನ್ ಅದರಲ್ಲಿ ಕೆಲಸ ಮಾಡದಂತಾಯಿತು. ಸುರಕ್ಷತೆಗಾಗಿ ಈ ಬದಲಾವಣೆ ಎಂದು ಗೂಗಲ್ ಹೇಳುತ್ತದೆ. ಆದರೆ ವ್ಯಾಪಾರಿಯೇ ನಮ್ಮ ಮನೆಯ ಬಾಗಿಲಿನ ಚಿಲಕವನ್ನೂ ತಯಾರಿಸುತ್ತಿದ್ದರೆ ಆ ಚಿಲಕ ಎಷ್ಟು ಗಟ್ಟಿಯಾಗಿರಬೇಕೆಂದು ಯಾರು ತೀರ್ಮಾನಿಸುತ್ತಾರೆ? ಜಾಹೀರಾತು ತಂತ್ರಜ್ಞಾನದ ಮಾರುಕಟ್ಟೆಯಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆಯೆಂದು 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ತೀರ್ಪು ನೀಡಿರುವುದನ್ನು ಇಲ್ಲಿ ಸ್ಮರಿಸಬೇಕು.

ಹಾಗಾದರೆ ಬೆಲೆ ತೆರುವವರು ಯಾರು?

ಇಷ್ಟನ್ನು ಕೇಳಿದ ಮೇಲೆ, ಎಲ್ಲ ಜಾಹೀರಾತುಗಳನ್ನೂ ತಡೆದುಬಿಟ್ಟರೆ ಸಮಸ್ಯೆ ಮುಗಿಯಿತಲ್ಲ ಎಂದು ನಮ್ಮ ತರುಣರು ಹೇಳಬಹುದು. ಅಲ್ಲಿಯೇ ಪ್ರಕಾಶಕರ ಅರ್ಧ ಸತ್ಯವನ್ನು ನಾವು ಆಲಿಸಬೇಕಾಗಿದೆ.

ವರದಿಗಾರನಿಗೆ ಸಂಬಳ ಬೇಕು. ತಾಲೂಕು ಕಚೇರಿಯ ಅವ್ಯವಹಾರವನ್ನು ಬರೆಯುವವನಿಗೂ, ಕೆರೆ ಒತ್ತುವರಿಯ ದಾಖಲೆ ಹುಡುಕಿ ತರುವವನಿಗೂ ಮನೆ ಮಕ್ಕಳಿದ್ದಾರೆ. ಬೆವರು ಆರುವ ಮುನ್ನವೇ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ಗಾರೆ ಕೆಲಸದವನಿಗೆ ಮಾತ್ರ ಅನ್ವಯಿಸಿ, ಬರೆಯುವವನನ್ನು ಹೊರಗಿಡಲು ಸಾಧ್ಯವೇ? ನಾವು ಓದುತ್ತೇವೆ, ವಾಟ್ಸಪ್‌ನಲ್ಲಿ ನೂರು ಜನರಿಗೆ ಕಳಿಸುತ್ತೇವೆ. ಜಾಹೀರಾತನ್ನೂ ತಡೆಯುತ್ತೇವೆ, ಚಂದಾವನ್ನೂ ಕಟ್ಟುವುದಿಲ್ಲ. ಹೀಗಾದರೆ ಪತ್ರಿಕೆ ಬದುಕುವುದು ಹೇಗೆ?

2015ರ ಸೆಪ್ಟೆಂಬರ್‌ನಲ್ಲಿ ಮಾರ್ಕೋ ಆರ್ಮೆಂಟ್ ಎಂಬ ಅಮೆರಿಕದ ತಂತ್ರಜ್ಞ ಐಫೋನಿಗಾಗಿ 'ಪೀಸ್' ಎಂಬ ಜಾಹೀರಾತು ತಡೆ ಆ್ಯಪನ್ನು ಬಿಡುಗಡೆ ಮಾಡಿದರು. ಹಣ ಕೊಟ್ಟು ಕೊಳ್ಳುವ ಆ್ಯಪ್‌ಗಳಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಎರಡೇ ದಿನಗಳಲ್ಲಿ ಅವರು ಅದನ್ನು ಹಿಂದೆಗೆದುಕೊಂಡರು. ಒಳ್ಳೆಯ ಜಾಹೀರಾತು, ಕೆಟ್ಟ ಜಾಹೀರಾತು ಎಂಬ ಭೇದವಿಲ್ಲದೆ ಎಲ್ಲವನ್ನೂ ತಡೆಯುವ ಸಾಧನವು ಪೆಟ್ಟಿಗೆ ಅರ್ಹರಲ್ಲದವರಿಗೂ ಪೆಟ್ಟು ಕೊಡುತ್ತದೆ ಎಂಬುದು ಅವರು ಕೊಟ್ಟ ಕಾರಣ.

ಜಾಹೀರಾತಿನ ಹಣ ಕೂಡ ಪೂರ್ತಿಯಾಗಿ ಪತ್ರಿಕೆಗೆ ತಲುಪುತ್ತಿಲ್ಲ ಎಂಬುದು ಇನ್ನೊಂದು ಕಹಿ ಸತ್ಯ. ಬ್ರಿಟನ್ನಿನ ಜಾಹೀರಾತುದಾರರ ಸಂಘವು ಪಿಡಬ್ಲ್ಯುಸಿ ಸಂಸ್ಥೆಯಿಂದ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಜಾಹೀರಾತುದಾರ ಕೊಟ್ಟ 100ರಲ್ಲಿ ಪ್ರಕಾಶಕನಿಗೆ ಸಿಕ್ಕಿದ್ದು 51 ಮಾತ್ರ. ಉಳಿದುದರಲ್ಲಿ ಹೆಚ್ಚಿನ ಪಾಲು ಮಧ್ಯವರ್ತಿಗಳದು. 15 ಎಲ್ಲಿ ಹೋಯಿತೆಂಬುದೇ ಪತ್ತೆಯಾಗಲಿಲ್ಲ! ಮಂಡಿಯ ದಲ್ಲಾಳಿಯನ್ನು ಬಯ್ಯುವ ನಮ್ಮ ರೈತರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟೇ ಅಲ್ಲ. ಮುದ್ರಿತ ಪತ್ರಿಕೆಯ ಸಂಪಾದಕ ಮದ್ಯದ ಜಾಹೀರಾತನ್ನು, ಬಡ್ಡಿ ವ್ಯವಹಾರದ ಜಾಹೀರಾತನ್ನು ಬೇಡವೆಂದು ಹಿಂದಿರುಗಿಸಬಲ್ಲ. ಹರಾಜಿನ ಮೂಲಕ ಬರುವ ಜಾಹೀರಾತು ಮಾತ್ರ ಅವನ ಮೇಜಿಗೆ ಬರುವುದೇ ಇಲ್ಲ. ಕೆಲವು ಬಗೆಗಳನ್ನು ತಡೆಯಲು ಅವನಿಗೆ ಅವಕಾಶವಿದ್ದರೂ ಯಾವ ಓದುಗನಿಗೆ ಯಾವುದು ಕಾಣಿಸಿತೆಂದು ಅವನಿಗೆ ತಿಳಿಯದು. ಬಡ್ಡಿಯ ಕ್ರೌರ್ಯದ ಬಗೆಗಿನ ಲೇಖನದ ಕೆಳಗೇ ಹತ್ತು ನಿಮಿಷದಲ್ಲಿ ಸಾಲ ಕೊಡುವ ಆ್ಯಪಿನ ಜಾಹೀರಾತು ಬಂದು ಕುಳಿತುಕೊಳ್ಳಬಹುದು. ಸಂಪಾದಕನ ಪುಟ ಸಂಪಾದಕನ ಕೈಯಲ್ಲಿಲ್ಲ!

ಇದಕ್ಕೆ ಪರ್ಯಾಯವೇ ಇಲ್ಲವೇ? ನಮ್ಮ ನಾಡಿನಲ್ಲೇ ಇದೆ. 1980ರಲ್ಲಿ ಪಿ. ಲಂಕೇಶರು 'ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿ, ಜಾಹೀರಾತನ್ನು ಪಡೆಯದೆ, ಓದುಗರು ಕೊಟ್ಟ ಬೆಲೆಯಿಂದಲೇ ನಡೆಸಿದರು. ಅವರ ನಿಲುವುಗಳನ್ನು ಒಪ್ಪದವರೂ ಇದ್ದರು. ಆದರೆ ಅಧಿಕಾರಸ್ಥರನ್ನು ನಿರ್ಭೀತಿಯಿಂದ ಪ್ರಶ್ನಿಸುವ ಬಲ ಆ ಪತ್ರಿಕೆಗೆ ಬಂದದ್ದರಲ್ಲಿ ಓದುಗರ ಚಿಲ್ಲರೆ ಹಣದ ಪಾಲು ದೊಡ್ಡದು. ಜಾಹೀರಾತು ನಿಲ್ಲಿಸುವೆನೆಂದು ಬೆದರಿಸಲು ಅಲ್ಲಿ ಯಾರಿಗೂ ಅವಕಾಶವಿರಲಿಲ್ಲ. ಓದುಗ ಬೆಲೆ ತೆತ್ತಾಗ ಪತ್ರಿಕೆ ಓದುಗನದಾಗುತ್ತದೆ. ಬೇರೆಯವರು ತೆತ್ತಾಗ ಅದು ಅವರದಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಬೀದಿಯ ಜಾಹೀರಾತಿಗೆ ಮಿತಿ ಬೇಕೆಂಬುದನ್ನು ನಮ್ಮ ನ್ಯಾಯಾಂಗ ಒಪ್ಪಿದೆ. 2018ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಕಟ್ಟುನಿಟ್ಟಿನ ಆದೇಶದ ಮೇರೆಗೆ ಬೆಂಗಳೂರಿನ ಬೀದಿಗಳಿಂದ ಅಕ್ರಮ ಫ್ಲೆಕ್ಸ್‌ಗಳನ್ನು ತೆರವುಗೊಳಿಸಲಾಯಿತು. ಜಾಹೀರಾತು ತಡೆ ತಂತ್ರಾಂಶದ ವಿರುದ್ಧ ಜರ್ಮನಿಯ ಆಕ್ಸೆಲ್ ಸ್ಪ್ರಿಂಗರ್ ಪ್ರಕಾಶನ ಸಂಸ್ಥೆ ದಾವೆ ಹೂಡಿದಾಗ, ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯವು 2018ರ ಏಪ್ರಿಲ್‌ನಲ್ಲಿ ಐಯೋ ಪರವಾಗಿ ತೀರ್ಪಿತ್ತಿತು. ಬಳಸುವುದೋ ಬಿಡುವುದೋ ಎಂಬ ತೀರ್ಮಾನ ಬಳಕೆದಾರನದು ಎಂಬುದು ಅದರ ತಿರುಳು. ಹಕ್ಕುಸ್ವಾಮ್ಯದ ಆಧಾರದ ಮೇಲೆ ಹೂಡಿದ ಇನ್ನೊಂದು ದಾವೆಯನ್ನು ಅದೇ ನ್ಯಾಯಾಲಯವು 2025ರ ಜುಲೈನಲ್ಲಿ ಮರುವಿಚಾರಣೆಗೆ ಕಳಿಸಿತು.

ನಮ್ಮಲ್ಲಿ, ಮರೆಮಾಚಿದ ಜಾಹೀರಾತು, ಸುಳ್ಳು ಆತುರ ಹುಟ್ಟಿಸುವುದು ಮುಂತಾದ 13 ಬಗೆಯ ವಂಚನೆಯ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ನಿಷೇಧಿಸಿತು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರನ್ನು ಹಿಂಬಾಲಿಸುವುದನ್ನೂ ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ಕಂಪೆನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ.

ಕಾನೂನು ತಡವಾಗಿ ಬರುತ್ತದೆ ಎಂಬುದಕ್ಕೆ ಜೂಜೇ ಸಾಕ್ಷಿ. 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿದಾಗ ಎಷ್ಟೋ ಮನೆಗಳು ನಿಟ್ಟುಸಿರು ಬಿಟ್ಟವು. ಬೀದಿಯ ಲಾಟರಿ ಅಂಗಡಿ ಮುಚ್ಚಿತು, ಆದರೆ ಕೆಲವೇ ವರ್ಷಗಳಲ್ಲಿ ಜೂಜು ಜಾಹೀರಾತಿನ ಬೆನ್ನೇರಿ ಕಿಸೆಯೊಳಗೇ ಬಂದು ಕುಳಿತಿತು. ರಾಜ್ಯವು 2021ರಲ್ಲಿ ತಂದ ಕಾನೂನಿನ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ಕೇಂದ್ರದ ಕಾಯ್ದೆ ನಿಷೇಧಿಸಿದ್ದು 2025ರ ಆಗಸ್ಟ್‌ನಲ್ಲಿ. ಈ ನಡುವೆ ಕಳೆದುಹೋದ ದುಡಿಮೆಯನ್ನು, ಕೆಟ್ಟುಹೋದ ಸಂಸಾರಗಳನ್ನು ಯಾವ ಕಾಯ್ದೆ ಮರಳಿಸೀತು?

ನಾವು ಮಾಡಬೇಕಾದುದು

ಆದ್ದರಿಂದ ಕಾನೂನಿನ ದಾರಿ ಕಾಯುತ್ತಾ ಕೂರದೆ, ಪ್ರತಿ ಮನೆಯೂ ಕೆಲವು ಸಂಗತಿಗಳನ್ನು ಇಂದೇ ಕೈಗೊಳ್ಳಬಹುದು.

ಒಂದು, ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತಿಗೆ ಸಂಬಂಧಿಸಿದ ಭಾಗವನ್ನು ತೆರೆದು, ಅಲ್ಲಿರುವ ಜಾಹೀರಾತು ಗುರುತುಸಂಖ್ಯೆಯನ್ನು ಅಳಿಸಿಬಿಡಿ. ಬ್ಯಾಟರಿ ದೀಪದ ಆ್ಯಪಿಗೆ ನೀವಿರುವ ಸ್ಥಳ ಏಕೆ ಬೇಕು? ಅಗತ್ಯವಿಲ್ಲದ ಅನುಮತಿಗಳನ್ನು ಹಿಂದಕ್ಕೆ ಪಡೆಯಿರಿ.

ಎರಡು, ಮಕ್ಕಳು ಬಳಸುವ ಮೊಬೈಲ್‌ಗೆ ಜಾಹೀರಾತು ತಡೆಯನ್ನು ನಿಸ್ಸಂಕೋಚವಾಗಿ ಅಳವಡಿಸಿ. ಜೊತೆಗೆ 'ಪ್ರಾಯೋಜಿತ' ಎಂಬ ಸಣ್ಣ ಅಕ್ಷರದ ಪದವನ್ನು ಗುರುತಿಸಲು ಅವರಿಗೆ ಕಲಿಸಿ. ತಂತ್ರಾಂಶ ತಡೆಯದಿದ್ದುದನ್ನು ವಿವೇಕ ತಡೆಯಬೇಕು.

ಮೂರು, ಸಭ್ಯ ಜಾಹೀರಾತುಗಳನ್ನು ಮಾತ್ರ ಪ್ರಕಟಿಸುವ, ನಿಮಗೆ ಉಪಯುಕ್ತವಾದ ತಾಣಗಳಿಗೆ ತಡೆಯಿಂದ ವಿನಾಯಿತಿ ಕೊಡಿ. ಇಂತಹ ಸೌಲಭ್ಯ ಈ ತಂತ್ರಾಂಶಗಳಲ್ಲೇ ಇದೆ. ಬೇಹುಗಾರನನ್ನೂ ಬಳೆ ಅಂಗಡಿಯವನನ್ನೂ ಒಂದೇ ಕೋಲಿನಿಂದ ಓಡಿಸಬೇಡಿ.

ನಾಲ್ಕು, ಮನೆಯ ತಿಂಗಳ ಖರ್ಚಿನಲ್ಲಿ ಓದಿಗೊಂದು ಪಾಲಿಡಿ. ನಾಲ್ಕು ಮೊಬೈಲ್‌ಗಳಿಗೆ ರೀಚಾರ್ಜ್ ಮಾಡಿಸುವ ಕುಟುಂಬಕ್ಕೆ ಒಂದೆರಡು ಪತ್ರಿಕೆಗಳ ಚಂದಾ ಭಾರವಾಗಲಾರದು. ಅದು ನಮ್ಮದೇ ಪತ್ರಿಕೆಯಾಗಬೇಕೆಂದಿಲ್ಲ, ನೀವು ನಂಬಿ ಓದುವ ಯಾವುದೇ ಆಗಬಹುದು.

ಐದು, ವಂಚಕ ಜಾಹೀರಾತನ್ನು ನಂಬಿ ಹಣ ಕಳೆದುಕೊಂಡರೆ ನಾಚಿಕೆಯಿಂದ ಮುಚ್ಚಿಡಬೇಡಿ. ಸೈಬರ್ ವಂಚನೆಗೆ 1930, ಗ್ರಾಹಕರ ದೂರಿಗೆ 1915, ಈ ಎರಡು ಸಂಖ್ಯೆಗಳು ಪ್ರತಿ ಮನೆಯ ಹೆಣ್ಣುಮಕ್ಕಳಿಗೂ ಹಿರಿಯರಿಗೂ ತಿಳಿದಿರಲಿ.

ಕೊನೆಯದಾಗಿ, ಈ ಸಭೆಯಲ್ಲಿರುವ ವ್ಯಾಪಾರಿ ಸಹೋದರರಿಗೆ ಒಂದು ಮಾತು. ನಿಮ್ಮಲ್ಲಿ ಹಲವರು ಬಟ್ಟೆ, ಪಾತ್ರೆ, ಮೊಬೈಲ್ ಅಂಗಡಿಗಳಿಗಾಗಿ ಆನ್‌ಲೈನ್‌ನಲ್ಲಿ ಜಾಹೀರಾತು ಕೊಡುತ್ತಿದ್ದೀರಿ. ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಅಡಿಯಲ್ಲಿದ್ದ ಒದ್ದೆಯನ್ನು ಪತ್ತೆಹಚ್ಚಿದ ಪ್ರವಾದಿ(ಸ)ರು, ಆ ಒದ್ದೆ ಕಾಳು ಜನರಿಗೆ ಕಾಣುವಂತೆ ಮೇಲಿರಲಿ ಎಂದು ಬೋಧಿಸಿದ ಘಟನೆ ನಿಮಗೆ ತಿಳಿದಿದೆ. ಇಂದಿನ ರಾಶಿ ಪರದೆಯ ಮೇಲಿದೆ, ಅಷ್ಟೇ ವ್ಯತ್ಯಾಸ. ನೀವು ಕೊಡುವ ಜಾಹೀರಾತು ಜಾಹೀರಾತೆಂದೇ ಕಾಣಲಿ, ಹೇಳಿದ ಬೆಲೆಗೇ ಮಾಲು ಸಿಗಲಿ. ಸಾಧ್ಯವಾದಷ್ಟೂ ಅದನ್ನು ನೇರವಾಗಿ ಊರಿನ ಪತ್ರಿಕೆಗೇ ಕೊಡಿ. ಆಗ ನಡುವಿನ ದಲ್ಲಾಳಿಯೂ ಇಲ್ಲ, ಬೇಹುಗಾರನೂ ಇಲ್ಲ. ಜನರು ತಡೆಯಬಯಸದ ಜಾಹೀರಾತನ್ನು ಕೊಡುವುದು ವ್ಯಾಪಾರಿಯ ಕರ್ತವ್ಯವಾದರೆ, ಪಡೆದುದಕ್ಕೆ ಬೆಲೆ ಕೊಡುವುದು ಓದುಗನ ಕರ್ತವ್ಯ. ಇವರಿಬ್ಬರಲ್ಲಿ ಯಾರಾದರೊಬ್ಬರು ಮೊದಲ ಹೆಜ್ಜೆ ಇಡಬೇಕಾಗಿದೆ. ಅದು ನಮ್ಮ ಊರುಗಳಿಂದಲೇ ಆರಂಭವಾಗಲಿ.